ಮಲೆನಾಡಿನ ಬಚ್ಚಲಿಗೆ ಯಾವ ಶಾಖ? ಸೋಲಾರ್ ವಾಟರ್ ಹೀಟರ್ ಬಳಸಿದ ಎಂಟು ವರ್ಷಗಳ ಅನುಭವ

ಸಾಗರ ಸೀಮೆಯ ನಮ್ಮ ಮನೆಯಲ್ಲಿ ಐದು ಜನರಿದ್ದೇವೆ. ಬೆಳಗಿನ ಸ್ನಾನಕ್ಕೆ ಎಲ್ಲರಿಗೂ ಬಿಸಿನೀರು ಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಸಂಜೆಗೂ ಬೇಕು. ಈ ನೀರನ್ನು ನಾವು ಬೇರೆ ಬೇರೆ ಕಾಲದಲ್ಲಿ ಕಟ್ಟಿಗೆ, ಗೋಬರ್ ಗ್ಯಾಸ್, ಕರೆಂಟು ಮತ್ತು ಬಿಸಿಲು ಈ ನಾಲ್ಕರಿಂದಲೂ ಕಾಯಿಸಿದ್ದೇವೆ. ಮಲೆನಾಡಿನ ಮನೆಗೆ ಸೋಲಾರ್ ವಾಟರ್ ಹೀಟರ್ ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಕೊಳ್ಳಿ, ಆದರೆ ಬಚ್ಚಲ ಒಲೆಯನ್ನು ಕೀಳಬೇಡಿ.

ನಮ್ಮ ಮೊದಲ ಹೀಟರ್ ಗಾಜಿನ ಕೊಳವೆಗಳದ್ದು, 200 ಲೀಟರಿನದು. ಎರಡು ಪದರ ಗಾಜಿನ ನಡುವೆ ನಿರ್ವಾತವಿರುವುದರಿಂದ ಕಾದ ನೀರಿನ ಶಾಖ ಬೇಗ ಸೋರಿಹೋಗುವುದಿಲ್ಲ. ಮೋಡ ಮುಸುಕಿದ ದಿನವೂ ನೀರು ಒಂದಿಷ್ಟು ಬೆಚ್ಚಗಾಗುತ್ತದೆ. ಬೆಲೆಯೂ ತಾಮ್ರದ ಫಲಕದ ಹೀಟರಿಗಿಂತ ಕಡಿಮೆ. ಮಾರಾಟಕ್ಕೆ ಬಂದಿದ್ದವರು ಮಳೆಗಾಲದಲ್ಲೂ ಬಿಸಿನೀರಿಗೆ ಕೊರತೆಯಾಗದು ಎಂದು ಭರವಸೆ ಕೊಟ್ಟಿದ್ದರು, ಮಂಗಗಳ ಮಾತನ್ನು ಮಾತ್ರ ಎತ್ತಿರಲಿಲ್ಲ. ಎರಡನೆಯ ವರ್ಷ, ಮಾಗಿಯ ಒಂದು ಬೆಳಿಗ್ಗೆ, ತಾರಸಿಯಿಂದ ಧಾರೆಯಾಗಿ ನೀರು ಸುರಿಯುವ ಸದ್ದು ಕೇಳಿ ಓಡಿದೆ. ಮಂಗವೊಂದು ಹಾರಿ ಒಂದೇ ಒಂದು ಕೊಳವೆ ಒಡೆದಿತ್ತು. ಇಂತಹ ಹೀಟರಿನಲ್ಲಿ ಪ್ರತಿಯೊಂದು ಕೊಳವೆಯೂ ನೇರವಾಗಿ ಟ್ಯಾಂಕಿಗೆ ಕೂಡಿಕೊಂಡಿರುವುದರಿಂದ ಒಂದು ಒಡೆದರೂ ಟ್ಯಾಂಕಿನ ನೀರೆಲ್ಲ ಹರಿದುಹೋಗುತ್ತದೆ. ಹೊಸ ಕೊಳವೆ ಹಾಕಿಕೊಡಲು ಹೀಟರ್ ಮಾರಿದವರು ಬಂದದ್ದು ಮೂರು ವಾರಗಳ ಮೇಲೆ, ಅದೂ ನಾನು ದಿನವೂ ಫೋನು ಮಾಡಿದ ನಂತರ. ಇದೇ ಪಾಡು ಮತ್ತೆ ಎರಡು ಸಲ ಮರುಕಳಿಸಿದಾಗ ಅದನ್ನು ತೆಗೆಸಿ, ತಾಮ್ರದ ನಳಿಗೆಗಳ ಮೇಲೆ ಗಟ್ಟಿ ಗಾಜು ಮುಚ್ಚಿದ ಚಪ್ಪಟೆ ಫಲಕದ ಹೀಟರ್ ಹಾಕಿಸಿದೆ.

ಈ ಎರಡನೆಯದರ ಬಗ್ಗೆ ನನಗೆ ದೂರಿಲ್ಲ. 100 ಲೀಟರಿಗೆ ಸುಮಾರು 2 ಚದರ ಮೀಟರ್ ಫಲಕ ಬೇಕಾಗುವುದರಿಂದ ಜಾಗ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ಅದರ ಮೇಲೆ ತೆಂಗಿನ ಮರದ ನೆರಳು ಬೀಳಬಾರದು. ಕಾದ ನೀರು ತಾನಾಗಿ ಮೇಲೇರಿ ಟ್ಯಾಂಕು ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪೂ ಇಲ್ಲ, ಸ್ವಿಚ್ಚೂ ಇಲ್ಲ. ಮಂಗಗಳು ಈಗಲೂ ಅದರ ಮೇಲೆ ಕುಳಿತು ಹೇನು ಹೆಕ್ಕುತ್ತವೆ, ಗಾಜಿಗೆ ಏನೂ ಆಗಿಲ್ಲ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಾವು ಸ್ನಾನದ ನೀರಿಗೆ ಬೇರೆ ಯಾವ ಶಾಖವನ್ನೂ ಹುಡುಕುವುದಿಲ್ಲ.

ಅದರ ಬದಲು ಸೋಲಾರ್ ಕರೆಂಟಿನ ಪ್ಯಾನೆಲ್ ಹಾಕಿಸಿ ಗೀಸರ್ ನಡೆಸಬಾರದೇ ಎಂದು ಕೆಲವರು ಕೇಳುತ್ತಾರೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಪ್ಯಾನೆಲ್ಲಿಗೆ 78,000 ರೂಪಾಯಿ ಸಬ್ಸಿಡಿ ಇರುವುದು ನಿಜ, ದೀಪಕ್ಕೂ ಪಂಪಿಗೂ ಅದು ಒಳ್ಳೆಯದೇ. ಆದರೆ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ ಕರೆಂಟಾಗಿಸುತ್ತದೆ, ನೀರು ಕಾಯಿಸುವ ಫಲಕವಾದರೋ ಹೆಚ್ಚುಕಡಿಮೆ ಅರ್ಧದಷ್ಟನ್ನು ನೀರಿಗೆ ಕೊಡುತ್ತದೆ. ಬೇಕಿರುವುದು ಬರಿಯ ಬಿಸಿನೀರಾದರೆ ಆ ಸುತ್ತುದಾರಿ ಬೇಕಿಲ್ಲ.

ಇನ್ನು ಗೀಸರ್. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಬೇಕು, ಎಂದರೆ ತಿಂಗಳಿಗೆ 120. ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆಯೆಂದು ಗೀಸರ್ ಹಾಕಿಸಿಕೊಂಡ ಮನೆಗಳು ನಮ್ಮ ಊರಿನಲ್ಲೂ ಇವೆ. ಆದರೆ ಅಲ್ಲಿ ಉಚಿತವಿರುವುದು ಮನೆಯ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚಿನಷ್ಟು ಮಾತ್ರ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಬಿಲ್ಲಿನಾಚೆಯ ಬೆಲೆಯೂ ಒಂದಿದೆ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟಿಗಾಗಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡು 1960ರ ದಶಕದಲ್ಲಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ; ಅವರಲ್ಲಿ ಅನೇಕರಿಗೆ ಇಂದಿಗೂ ಜಮೀನಿನ ಹಕ್ಕುಪತ್ರ ಸಿಕ್ಕಿಲ್ಲ. ಈ ಕರೆಂಟನ್ನು ಪುಕ್ಕಟೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಬಿಸಿಲನ್ನು ಕಸಿದುಕೊಳ್ಳುವ ಮಳೆಯೇ ಆ ಅಣೆಕಟ್ಟನ್ನು ತುಂಬಿಸುವುದರಿಂದ, ಸೋಲಾರ್ ಮಲಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಕೈಹಿಡಿಯಬೇಕಿತ್ತು. ಆದರೆ ಅದೇ ಮಳೆಗೆ ಮರ ಬಿದ್ದು ತಂತಿ ಹರಿಯುತ್ತದೆ, ಕೆಲವೊಮ್ಮೆ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಗೋಬರ್ ಗ್ಯಾಸ್ ಕೂಡ ಥಂಡಿಗೆ ಸೊರಗುತ್ತದೆ. 2 ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಮ್ಮ ಮಲೆನಾಡು ಗಿಡ್ಡ ದನಗಳು ಸಣ್ಣವು, ಬೇಣದ ಹುಲ್ಲುಗಾವಲಿನಲ್ಲಿ ಮೇಯುವಾಗ ಹಾಕಿದ ಸಗಣಿ ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ಸಿಕ್ಕ ಗ್ಯಾಸು ಅಡುಗೆಗೆ ಸಾಕು, ಬಚ್ಚಲಿಗೆ ಸಾಲದು. ಗ್ಯಾಸು ತೆಗೆದ ಮೇಲೆ ತೋಟಕ್ಕೆ ಗೊಬ್ಬರವಾಗಿ ಸಿಗುವ ಸಗಣಿ ರಾಡಿಗಾಗಿಯಾದರೂ (ಸ್ಲರಿ) ಅದು ಇರಲೇಬೇಕೆಂಬುದು ಬೇರೆ ಮಾತು. ಸಿಲಿಂಡರಿನ ಗ್ಯಾಸ್ ಗೀಸರನ್ನು ನಾನು ತಂದೇ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣ ಹೋದ ಉದಾಹರಣೆಗಳಿವೆ.

ಆದ್ದರಿಂದ ಆ ನಾಲ್ಕು ತಿಂಗಳು ಅಮ್ಮ ಮತ್ತೆ ತಾಮ್ರದ ಹಂಡೆಯ ಮುಂದೆ ಕೂರುತ್ತಾರೆ. ಒಣಗಿದ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಗರಿ ಎಲ್ಲವೂ ತೋಟದಲ್ಲೇ ಸಿಗುವುದರಿಂದ ಈ ಒಲೆಗಾಗಿ ಕಾಡಿನ ಮರ ಕಡಿಯಬೇಕಿಲ್ಲ. ಆದರೆ ಹೊಗೆ ಚಿಕ್ಕ ತೊಂದರೆಯಲ್ಲ. ವರ್ಷವಿಡೀ ಒಲೆ ಊದುತ್ತಿದ್ದಾಗ ಅಮ್ಮನಿಗೆ ಬಿಡದ ಕೆಮ್ಮಿತ್ತು. ಸೋಲಾರ್ ಬಂದ ಮೇಲೆ ಅದು ಮಳೆಗಾಲಕ್ಕಷ್ಟೇ ಮರಳುತ್ತದೆ. ನನ್ನ ಮಟ್ಟಿಗೆ ಈ ಹೀಟರಿನ ಅತಿ ದೊಡ್ಡ ಲಾಭ ಇದೇ. ಕಳೆದ ವರ್ಷ ಒಲೆಗೆ ಎತ್ತರದ ಚಿಮಣಿ ಕಟ್ಟಿಸಿದ್ದೇವೆ.

ಕೊಳ್ಳುವವರಿಗೆ ಒಂದು ಮಾತು: ಟ್ಯಾಂಕಿನಿಂದ ಬಚ್ಚಲಿಗೆ ಬರುವ ಪೈಪು ಆದಷ್ಟು ಗಿಡ್ಡವಾಗಿರಲಿ, ಅದಕ್ಕೆ ಶಾಖ ಆರದಂತೆ ಹೊದಿಕೆ ಹಾಕಿಸಿ. ನಮ್ಮದು 40 ಅಡಿಯಿದೆ, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲೊಂದು ಕೊಡ ತಣ್ಣೀರೇ ಬರುತ್ತದೆ. ಅದನ್ನು ಚೆಲ್ಲದೆ ಹಂಡೆಗೆ ತುಂಬಿಡುತ್ತೇವೆ.