ಮನೆಗೇ ಬರುವ ಪ್ಯಾಲಿಯೇಟಿವ್ ಕೇರ್ ನರ್ಸ್: ಐದಕ್ಕೆ ನಾಲ್ಕು ಸ್ಟಾರ್

ಅಜ್ಜಿಗೆ ಕ್ಯಾನ್ಸರ್. ಕೊನೆಯ 19 ದಿನ ಈ ಸೇವೆ ತಗೊಂಡಿದ್ದೆವು. ಪ್ಯಾಲಿಯೇಟಿವ್ ಕೇರ್ ಅಂದರೆ ರೋಗ ವಾಸಿ ಮಾಡುವುದಲ್ಲ, ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವುದು. ಸಂಸ್ಥೆಯ ಹೆಸರು ಬರೆಯುವುದಿಲ್ಲ, ದೂರುಗಳೂ ಇವೆ.

ದೂರು ಮೊದಲು. ಒಂದೇ ವಾರದಲ್ಲಿ ರಾತ್ರಿ ಪಾಳಿಯ ಆಯಾ ಮೂರು ಸಲ ಬದಲಾದರು. ಯಾವ ಭುಜ ಮುಟ್ಟಿದರೆ ಅಜ್ಜಿಗೆ ನೋವು ಅಂತ ಪ್ರತಿ ಸಲ ಹೊಸದಾಗಿ ಹೇಳಬೇಕು. 24 ಗಂಟೆ ಫೋನ್ ಎತ್ತುತ್ತೇವೆ ಅಂದಿದ್ದರು, ರಾತ್ರಿ ಎರಡಕ್ಕೆ ಮಾಡಿದರೆ ನಲವತ್ತು ನಿಮಿಷ ರಿಂಗ್ ಆಗಿದ್ದೇ ಬಂತು. ಏರ್ ಬೆಡ್ ಚೆನ್ನಾಗಿತ್ತು. ಅದಿದೆ ಅಂತ ಸುಮ್ನೆ ಕೂರಬೇಡಿ, ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಇನ್ನು ನರ್ಸ್. ನಿಜ ಹೇಳಬೇಕೆಂದರೆ ನಮ್ಮ ಮನೆಗೆ ಆಗ ನರ್ಸ್‌ಗಿಂತ ಪಂಚಾಯ್ತಿ ಮಾಡುವವರು ಬೇಕಿತ್ತು. ದೊಡ್ಡಪ್ಪನಿಗೆ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕು. "ನನ್ನನ್ನು ಎಲ್ಲಿಗೂ ಒಯ್ಯಬೇಡಿ" ಅಂತ ಅಜ್ಜಿ ಹೇಳಿದ್ದು ಅಮ್ಮನ ಹತ್ತಿರ ಮಾತ್ರ, ಸೊಸೆಯ ಮಾತನ್ನು ನಂಬುವವರು ಯಾರು? ಅಜ್ಜಿಯ ಮಗಳು, ಅಂದರೆ ನಮ್ಮ ಅತ್ತೆ, ದೂರದಲ್ಲಿದ್ದಾರೆ, ವಿಡಿಯೋ ಕಾಲ್‌ನಲ್ಲೇ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿ ಅಂದ ತಕ್ಷಣ "ಅಮ್ಮನನ್ನು ಬೇಗ ಕಳಿಸೋಕೆ ನೋಡ್ತಿದ್ದೀರಾ" ಅಂತ ಅಳು. ನರ್ಸ್ ನನ್ನ ಕೈಯಿಂದ ಫೋನ್ ಇಸ್ಕೊಂಡು ಅರ್ಧ ಗಂಟೆ ಮಾತಾಡಿದರು: ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಅಂತ ಮೂರು ಮೆಟ್ಟಿಲಿನ ಕ್ರಮ ಹೇಳಿದೆ, ಮೂರನೆಯದರಲ್ಲಿ ಇರುವುದು ಇದೇ, ಅಳತೆ ನೋಡಿ ಕೊಟ್ಟರೆ ನೋವೂ ಏದುಸಿರೂ ಇಳಿಯುತ್ತವೆ, ಜೀವ ತೆಗೆಯುವುದಿಲ್ಲ, ಮಲಬದ್ಧತೆಗೆ ಮಾತ್ರ ಜೊತೆಗೇ ಔಷಧಿ ಕೊಡಬೇಕು. ಅತ್ತೆ ಒಪ್ಪಿದರೋ ಇಲ್ಲವೋ, ಅಳು ನಿಂತಿತು.

ಊಟದ ಜಗಳ ಇನ್ನೂ ದೊಡ್ಡದು. ಅಜ್ಜಿ ಬಾಯಿ ತೆರೆಯುತ್ತಿರಲಿಲ್ಲ, ದೊಡ್ಡಪ್ಪ ಚಮಚ ಹಿಡಿದು ಕೂತರು, ಕೆಮ್ಮು ಹತ್ತಿ ಎಲ್ಲರೂ ಗಾಬರಿ. ಅಮ್ಮ ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮೇಲೆ ರೇಗಿದ್ದು ಅವತ್ತೇ. ನರ್ಸ್ ಯಾರ ಪಕ್ಷವನ್ನೂ ವಹಿಸಲಿಲ್ಲ. ಈ ಹಂತದಲ್ಲಿ ದೇಹ ಊಟ ಕೇಳುವುದಿಲ್ಲ, ನುಂಗಲು ಆಗದವರಿಗೆ ತುರುಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಡ್ರಿಪ್ ಏರಿಸಿದರೂ ಊತ, ಕಫ ಜಾಸ್ತಿಯಾಗಬಹುದು ಅಂದರು. ಆಮೇಲೆ ದೊಡ್ಡಪ್ಪನ ಕೈಯಿಂದ ಚಮಚ ತಗೊಂಡು ಒದ್ದೆ ಹತ್ತಿ ಕೊಟ್ಟರು, ತುಟಿ ಒಣಗದ ಹಾಗೆ ನೋಡಿಕೊಳ್ಳುವುದು ಇನ್ನು ನಿಮ್ಮ ಕೆಲಸ ಅಂತ. ಅಷ್ಟು ದಿನ ಬಾಗಿಲಲ್ಲಿ ನಿಂತು ಆಜ್ಞೆ ಮಾಡುತ್ತಿದ್ದವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ಅಮ್ಮ ಅವತ್ತು ಮೂರು ಗಂಟೆ ಮಲಗಿದರು.

ಇಂಥ ಸೇವೆ ಹುಡುಕುತ್ತಿದ್ದರೆ ಒಂದು ನೋಟ್‌ಬುಕ್ ಇಡುತ್ತಾರಾ ಅಂತ ಕೇಳಿ. ಯಾವ ಔಷಧಿ, ಎಷ್ಟು ಹೊತ್ತಿಗೆ, ಕೊಟ್ಟವರು ಯಾರು, ಎಲ್ಲ ಬರೆಯಬೇಕು. ನಮ್ಮಲ್ಲಿ "ನೀನು ಕೊಟ್ಟಿಲ್ಲ, ನಾನು ಕೊಟ್ಟೆ" ಜಗಳ ಅದರಿಂದಲೇ ನಿಂತಿದ್ದು.

ಏರ್ ಬೆಡ್ ಜೊತೆ ಆ ಪುಸ್ತಕವನ್ನೂ ವಾಪಸ್ ಕೇಳಿದರು. ಕೊನೆಯ ಪುಟ ಪೂರ್ತಿ ದೊಡ್ಡಪ್ಪನ ಅಕ್ಷರ: 3:20 ತುಟಿ ಒದ್ದೆ ಮಾಡಿದೆ, 3:50 ತುಟಿ ಒದ್ದೆ ಮಾಡಿದೆ, 4:10 ತುಟಿ ಒದ್ದೆ ಮಾಡಿದೆ. ಕಳೆದುಹೋಗಿದೆ ಅಂತ ಸುಳ್ಳು ಹೇಳಿದೆವು.