ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್: ಧಾರವಾಡದಲ್ಲಿ ಕೆಲವು ವರ್ಷ ರಾಗ ನುಡಿಸಿದ ಮೇಲೆ

ನನ್ನ ಹತ್ತಿರ ಇರುವುದು ಸ್ಟ್ರಾಟೋಕಾಸ್ಟರ್ ಆಕಾರದ, ಕಡಿಮೆ ಬೆಲೆಯ ಗಿಟಾರ್. ಫೆಂಡರ್ ಕಂಪನಿ 1954ರಲ್ಲಿ ತಂದ ಈ ಮಾದರಿಯಲ್ಲಿ ಈಗ ಎಷ್ಟೋ ಕಂಪನಿಗಳು ಗಿಟಾರ್ ಮಾಡುತ್ತವೆ. ಹಾಗಾಗಿ ಬ್ರಾಂಡ್ ಬಿಟ್ಟು ಮಾದರಿಯ ಬಗ್ಗೆಯೇ ಬರೆಯುತ್ತೇನೆ.

ನಾನು ನುಡಿಸುವುದು ಹೆಚ್ಚಾಗಿ ರಾಗ. ಒಂದು ತಂತಿಯನ್ನು ಷಡ್ಜಕ್ಕೆ ಹಚ್ಚಿ ಮೀಟುತ್ತಾ, ಇನ್ನೊಂದು ತಂತಿ ಎಳೆದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ, ತೆಗೆಯಬೇಕು. ರಹಿಮತ್ ಖಾನ್ ಅವರಿಂದ ಸಿತಾರ್‌ಗೆ ಹೆಸರಾದ ಊರು ನಮ್ಮದು, ಇಲ್ಲಿ ಕಿವಿ ಅದನ್ನೇ ಕೇಳುತ್ತದೆ. ಆ ಕೆಲಸಕ್ಕೆ ಈ ಗಿಟಾರ್ ಒಗ್ಗುತ್ತದೆ. ಆದರೆ ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಒಗ್ಗುವುದಿಲ್ಲ.

ಕಾರಣ ಬ್ರಿಜ್, ಅಂದರೆ ಗಿಟಾರ್ ಒಡಲಿನ ಮೇಲೆ ತಂತಿಗಳು ಕೂರುವ ಲೋಹದ ಭಾಗ. ಸ್ಟ್ರಾಟ್‌ನ ಬ್ರಿಜ್ ಗಟ್ಟಿಯಾಗಿ ಕೂತಿರುವುದಿಲ್ಲ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತವೆ, ನಡುವೆ ಅದು ತೂಗುತ್ತಿರುತ್ತದೆ. ಬ್ರಿಜ್‌ಗೆ ಸಿಕ್ಕಿಸಿದ ಟ್ರೆಮೊಲೊ ಕಡ್ಡಿ ಒತ್ತಿದರೆ ಸ್ವರ ಇಳಿಯುವುದು ಇದರಿಂದಲೇ. ಮೀಂಡ್‌ಗೆ ಒಂದು ತಂತಿ ಎಳೆದಾಗ ಬಿಗಿ ಜಾಸ್ತಿಯಾಗಿ ಬ್ರಿಜ್ ಮುಂದಕ್ಕೆ ವಾಲುತ್ತದೆ. ಆಗ ಉಳಿದ ಐದೂ ತಂತಿ ಸಡಿಲವಾಗುತ್ತವೆ. ರಿಷಭದಿಂದ ಗಾಂಧಾರಕ್ಕೆ ಏರುವ ಹೊತ್ತಿಗೆ ಕೆಳಗೆ ಷಡ್ಜವೇ ಜಾರಿರುತ್ತದೆ! ರಾಕ್ ನುಡಿಸುವವರಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ. ನಮಗೆ ಸಾ ಅಲುಗಿದರೆ ಎಲ್ಲವೂ ಅಲುಗಿದ ಹಾಗೆ, ಅಲ್ವಾ?

ಪರಿಹಾರ ಸುಲಭ, ಖರ್ಚೂ ಇಲ್ಲ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್ ಹಿಡಿದಿರುವ ಲೋಹದ ಪಟ್ಟಿ ಕಾಣುತ್ತದೆ. ಅದಕ್ಕೆ ಎರಡು ಸ್ಕ್ರೂ. ಬ್ರಿಜ್ ಪೂರ್ತಿ ಮರಕ್ಕೆ ಅಂಟಿ ಕೂರುವವರೆಗೆ ಎರಡನ್ನೂ ಸಮನಾಗಿ ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಬೇಕು. ಮೂರೇ ಸ್ಪ್ರಿಂಗ್ ಇದ್ದರೆ ಇನ್ನೊಂದೆರಡು ಸೇರಿಸಿದರೆ ಒಳ್ಳೆಯದು. ಇದಾದ ಮೇಲೆ ಕಡ್ಡಿಯಿಂದ ಸ್ವರ ಇಳಿಸಬಹುದು, ಏರಿಸಲು ಬರುವುದಿಲ್ಲ. ನನಗೆ ಅದರ ಅಗತ್ಯವೂ ಬಿದ್ದಿಲ್ಲ.

ಇನ್ನೊಂದು ತೊಂದರೆ ನಟ್‌ನಲ್ಲಿತ್ತು. ಕತ್ತಿನ ತುದಿಯಲ್ಲಿ ತಂತಿಗಳು ಹಾದು ಹೋಗುವ ಆ ಚಿಕ್ಕ ಪಟ್ಟಿಯ ಗೀರು ಇಕ್ಕಟ್ಟಾಗಿದ್ದರೆ ಎಳೆದ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿರಡೆ ತಿರುಗಿಸುವಾಗ ‘ಟಿಂಕ್’ ಎಂದರೆ ಅದೇ ಗುರುತು. ಜನ ಸುಮ್ನೆ ಬಿರಡೆಯನ್ನು ಬೈಯುತ್ತಾರೆ. ಪೆನ್ಸಿಲ್ ಮೊನೆಯನ್ನು ಆ ಗೀರಿನಲ್ಲಿ ಚೆನ್ನಾಗಿ ಉಜ್ಜಿದೆ, ಶ್ರುತಿ ನಿಂತಿತು.

ತಂತಿ 9ರ ಸೆಟ್ ಸಾಕು, ಅಂದರೆ ಮೊದಲ ತಂತಿ 0.009 ಇಂಚು ದಪ್ಪದ್ದು. ಬೆರಳಿಗೆ ಹಗುರ. ಮೀಂಡ್ ಕೆಳಗಿಳಿಸಬೇಕಾದರೆ ಮೊದಲೇ ಎಳೆದಿಟ್ಟು, ಮೀಟಿ, ನಿಧಾನ ಬಿಡಬೇಕು. ಸಿತಾರ್ ಕಲಿತವರಿಗೆ ಇದು ಹೊಸದೇನಲ್ಲ.

ಪಿಕಪ್ ವಿಷಯದಲ್ಲಿ ನನಗೆ ಪೂರ್ತಿ ತೃಪ್ತಿ. ತಂತಿಗಳ ಕೆಳಗೆ ಕೂತು ಸದ್ದು ಹಿಡಿಯುವ ಭಾಗವೇ ಪಿಕಪ್: ಅಯಸ್ಕಾಂತದ ಸುತ್ತ ತೆಳು ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ವಿದ್ಯುತ್ ಹುಟ್ಟುತ್ತದೆ. ನನ್ನದರಲ್ಲಿ ಕತ್ತಿನ ಬಳಿ ಮತ್ತು ನಡುವೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್), ಬ್ರಿಜ್ ಬಳಿ ಹಂಬಕರ್ (ಎರಡು ಸುರುಳಿಯದು). ಪಿಕಪ್ ಆರಿಸಲು ಐದು ಹಂತದ ಸ್ವಿಚ್ ಇದೆ. ಆಲಾಪಕ್ಕೆ ಕತ್ತಿನ ಪಿಕಪ್ ಹಾಕಿ ಟೋನ್ ಸ್ವಲ್ಪ ತಗ್ಗಿಸಿದರೆ ನಾದ ದುಂಡಗೆ ಬರುತ್ತದೆ. ಆದರೆ ಸಿಂಗಲ್ ಕಾಯಿಲ್ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಚೋಕ್ ಇರುವ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್‌ನಿಂದ ದೂರ ಕೂರಿ, ಗಿಟಾರ್ ದಿಕ್ಕು ಸ್ವಲ್ಪ ಬದಲಿಸಿ, ಕಡಿಮೆಯಾಗುತ್ತದೆ. ಹಂಬಕರ್‌ನಲ್ಲಿ ಎರಡು ಕಾಯಿಲ್ ಒಂದರ ಗುಂಯ್ ಸದ್ದನ್ನು ಇನ್ನೊಂದು ಕಳೆಯುವಂತೆ ಜೋಡಿಸಿರುತ್ತಾರೆ, ಆ ತಾಪತ್ರಯ ಇಲ್ಲ.

ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಬೆಸುಗೆ ಒಮ್ಮೆ ಬಿಟ್ಟಿತು. ಹುಬ್ಬಳ್ಳಿಯಲ್ಲಿ ರೇಡಿಯೊ ರಿಪೇರಿಯವರೇ ಹಚ್ಚಿಕೊಟ್ಟರು.

ನಮ್ಮ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಲೇಬೇಕು. ಹವೆ ಬದಲಾದಾಗ ಕತ್ತಿನ ಬಾಗೂ ಬದಲಾಗುತ್ತದೆ. ಎಲ್ಲಕ್ಕಿಂತ ದಪ್ಪದ ಆರನೇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ) ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ಸರಿ. ಹೆಚ್ಚುಕಡಿಮೆ ಇದ್ದರೆ ಕತ್ತಿನೊಳಗಿನ ಬಾಗು ಸರಿಪಡಿಸುವ ಕಂಬಿ, ಟ್ರಸ್ ರಾಡ್, ತಿರುಗಿಸಬೇಕು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ಈಗ ಹೊಸದಾಗಿ ಕೊಳ್ಳುವವರು ನನ್ನಂತೆ ರಾಗಕ್ಕೇ ಬಳಸುವುದಾದರೆ ಟೆಲಿಕಾಸ್ಟರ್ ಮಾದರಿಯನ್ನೂ ನೋಡಿ. ಅದರ ಬ್ರಿಜ್ ಸಾಮಾನ್ಯವಾಗಿ ಅಲುಗುವುದಿಲ್ಲ. ಲೆಸ್ ಪಾಲ್ ಮಾದರಿಯದೂ ಹಾಗೆಯೇ. ಅದರ ತಂತಿಯ ಉದ್ದವೂ ಕಡಿಮೆ, ಸ್ಟ್ರಾಟ್‌ನ 25.5 ಇಂಚಿಗೆ ಬದಲು 24.75. ಅದೇ ತಂತಿಯನ್ನು ಅಲ್ಲಿ ಇನ್ನೂ ಹಗುರವಾಗಿ ಎಳೆಯಬಹುದು, ಆದರೆ ಗಿಟಾರ್ ತೂಕ ಜಾಸ್ತಿ, ನೆಲದ ಮೇಲೆ ಕೂತು ನುಡಿಸುವವರಿಗೆ ಕಷ್ಟ. ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಐದನೇ ತಂತಿ ಮೀಟಿ, ಅದು ನುಡಿಯುತ್ತಿರುವಾಗಲೇ ಮೂರನೇ ತಂತಿಯನ್ನು ಪೂರ್ತಿ ಒಂದು ಸ್ವರ, ಅಂದರೆ ಎರಡು ಫ್ರೆಟ್‌ನಷ್ಟು, ಎಳೆಯಿರಿ. ಐದನೆಯದು ಇಳಿದರೆ ಅಂಗಡಿಯವರಿಂದಲೇ ಬ್ರಿಜ್ ಕೂರಿಸಿಕೊಂಡು ಬನ್ನಿ.