ಹಾಸನದಲ್ಲಿ ಸಿಗುವ ಸಿಟಿ ಕಾಂಪೋಸ್ಟ್: ಆಲೂಗಡ್ಡೆ ಹೊಲಕ್ಕೆ ಆದೀತೇ?

ಹಾಸನದ ಗೊಬ್ಬರದಂಗಡಿಯಲ್ಲಿ ಸಿಕ್ಕ 50 ಕೆ.ಜಿ. ಚೀಲ. ಪೇಟೆಯ ಹಸಿ ಕಸವನ್ನು ಕಸದ ಗುಂಡಿಗೆ ಸುರಿಯುವ ಮೊದಲೇ ಬೇರ್ಪಡಿಸಿ ಕೊಳೆಸಿದ್ದು. ಬಣ್ಣ ಕಾಫಿ ಪುಡಿಯಂತೆ ಕಡುಕಂದು, ವಾಸನೆ ನೆನೆದ ಮಣ್ಣಿನದು, ಚೀಲದ ನಡುವೆ ಕೈಯಿಟ್ಟರೆ ಬಿಸಿ ಇಲ್ಲ. ಗೊಬ್ಬರ ಚೆನ್ನಾಗಿ ಕಳಿತಿದೆ.

ಬೇಸರವಾಗುವುದು ಜರಡಿ ಹಿಡಿದಾಗ. ಸರ್ಕಾರದ ಗೊಬ್ಬರ ನಿಯಮದಂತೆ ಶೇ 90ರಷ್ಟು 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಇಳಿಯುತ್ತದೆ. ಮೇಲೆ ಉಳಿದದ್ದು ಶಾಂಪೂ ಸ್ಯಾಷೆಯ ಹರುಕು, ತೆಂಗಿನ ಚಿಪ್ಪು, ಉಗುರಿನಗಲದ ಬಲ್ಬಿನ ಗಾಜು. ಆಲೂಗಡ್ಡೆ, ಶುಂಠಿ ಎರಡನ್ನೂ ಇಲ್ಲಿ ಬರಿಗೈಯಲ್ಲಿ ಮಣ್ಣು ಕೆದಕಿ ಆಯುತ್ತಾರೆ. ಅಂಥ ಹೊಲಕ್ಕೆ ಒಂದು ಚೂರು ಗಾಜೂ ಹೋಗಕೂಡದು. ಈ ಗಾಜು ಸೇರುವುದು ಮನೆಬಾಗಿಲಲ್ಲೇ, ಹಸಿ ಕಸದ ಬಕೆಟ್‌ನಲ್ಲಿ. ಪುಡಿಯಾಗಿ ಬೆರೆತ ಮೇಲೆ ಯಾವ ಜರಡಿಯೂ ಅದನ್ನು ಪೂರ್ತಿ ಹಿಡಿಯದು.

ತೇವ ಶೇ 25 ಮೀರಬಾರದು. ಒಂದು ಕೆ.ಜಿ. ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಲ್ಲಿ ತೆಳ್ಳಗೆ ಹರಡಿ. 250 ಗ್ರಾಂಗಿಂತ ಹೆಚ್ಚು ಕಡಿಮೆಯಾದರೆ ನೀರಿಗೆ ದುಡ್ಡು ಕೊಟ್ಟಂತೆ. ಶೇ 40 ತೇವವಿದ್ದರೆ ಚೀಲದಲ್ಲಿ 20 ಕೆ.ಜಿ. ನೀರೇ!

ಮಳೆಗಾಲದಲ್ಲಿ ತಯಾರಾದ ಚೀಲವನ್ನು ಇನ್ನೂ ಎಚ್ಚರದಿಂದ ನೋಡಬೇಕು. ಸೂರಿಲ್ಲದ ರಾಶಿ ನೆನೆದರೆ ಒಳಗೆ ಗಾಳಿಯಾಡದೆ ಹುಳಿ ವಾಸನೆ ಹಿಡಿಯುತ್ತದೆ, ಕಾವು 55 ಡಿಗ್ರಿಗೆ ಏರುವುದಿಲ್ಲ, ಬೀಜಗಳು ಸಾಯುವುದಿಲ್ಲ. ಒಂದು ಹಿಡಿಯನ್ನು ತಟ್ಟೆಯಲ್ಲಿ ಒದ್ದೆ ಮಾಡಿ ವಾರ ಬಿಡಿ. ಟೊಮೆಟೊ ಸಸಿ ಎದ್ದರೆ ರಾಶಿ ಕಾದಿಲ್ಲವೆಂದೇ ಲೆಕ್ಕ. ಇನ್ನೊಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಮೂರು ದಿನ ಇಡಿ; ಬಿಚ್ಚಿದಾಗ ಮೂಗಿಗೆ ಘಾಟು ಬಡಿದರೆ ಅದು ಅರೆಬೆಂದ ಗೊಬ್ಬರ. ಹೊಲಕ್ಕೆ ಹಾಕಿದರೆ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ.

ಸಾರಜನಕ ಇರಬೇಕಾದದ್ದು ಕನಿಷ್ಠ ಶೇ 0.8, ಅಂದರೆ ಟನ್ನಿಗೆ ಸುಮಾರು 8 ಕೆ.ಜಿ. ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು ಮಾತ್ರ, ಹಾಗಾಗಿ ಯೂರಿಯಾ ಪೂರ್ತಿ ನಿಲ್ಲಿಸಬೇಡಿ. ಪಿಎಚ್, ಅಂದರೆ ಹುಳಿಯೋ ಸುಣ್ಣವೋ ಎಂದು ಹೇಳುವ ಅಳತೆ, 6.5ರಿಂದ 7.5ರೊಳಗಿರಬೇಕು. ಮಣ್ಣು ಮೊದಲೇ ಸುಣ್ಣದ ಕಡೆಗಿದ್ದರೆ ಆಲೂಗಡ್ಡೆಗೆ ಕಜ್ಜಿ ರೋಗ ಹೆಚ್ಚೀತು.

ಸದ್ಯಕ್ಕೆ ಈ ಚೀಲ ಮುಸುಕಿನ ಜೋಳಕ್ಕೆ, ತೆಂಗಿನ ಬುಡಕ್ಕೆ ಆಗಬಹುದು. ಆಲೂಗಡ್ಡೆ, ಶುಂಠಿಗೆ ಬೇಡ. ಕೊಳ್ಳುವಾಗ ಪರೀಕ್ಷಾ ವರದಿ ಕೇಳಿ: ವಿಷಲೋಹಗಳಲ್ಲಿ ಕೆ.ಜಿ.ಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ದಾಟಿರಬಾರದು.